ಹನ್ನೆರಡಕ್ಕೇ ಆದ ಲಗ್ನ

ನಾನು ಮದುವೆಗಳಲ್ಲಿ ಫೋಟೊ ತೆಗೆಯುವವನು. ನಮ್ಮ ಬೀದರ ಕಡೆ ಪತ್ರಿಕೆಯಲ್ಲಿ ಮುಹೂರ್ತ ಹನ್ನೆರಡಕ್ಕೆ ಅಂತಿದ್ದರೆ ಅಕ್ಷತೆಯ ಅಕ್ಕಿಕಾಳು ಬೀಳುವುದು ಎರಡಕ್ಕೆ. ಭಾಲ್ಕಿಯ ಒಂದು ಜೋಡಿ ಮಾತ್ರ ಹಟ ಹಿಡಿದು ಹನ್ನೆರಡಕ್ಕೇ ಮಾಲೆ ಹಾಕಿಕೊಂಡಿತು. ಹಾಲ್‌ನಲ್ಲಿ ಜನರೇ ಇಲ್ಲದೆ, ಅಡುಗೆಯವರೂ ನಾನೂ ಅಕ್ಕಿಕಾಳು ಹಾಕಿದೆವು.

ಎರಡಕ್ಕೆ ಮದುಮಗಳ ಸೋದರತ್ತೆ ಚಿಂತಾಕಿಯಿಂದ ಟೆಂಪೊ ತುಂಬ ಜನರೊಂದಿಗೆ ಬಂದಿಳಿದರು.

"ಲಗ್ನ ಆಗ್ಯಾದ್ರಿ ಅತ್ತಿ, ಊಟಕ್ಕ ಬರ್ರಿ," ಅಂದಳು ಮದುಮಗಳು.

"ನಾವು ಅಕ್ಕಿಕಾಳ ಹಾಕೇ ಇಲ್ಲ, ಲಗ್ನ ಹ್ಯಾಂಗ ಆಯ್ತು? ನಾ ಉಣ್ಣಂಗಿಲ್ಲ ನೋಡು," ಎಂದು ಅತ್ತೆ ಬಾಗಿಲಲ್ಲೇ ಕೂತರು.

ಜೋಡಿ ಮತ್ತೆ ಎದ್ದು ನಿಂತು ಮಾಲೆ ಬದಲಿಸಿಕೊಂಡಿತು. ಆಲ್ಬಮ್‌ನಲ್ಲಿರುವುದು ಆ ಲಗ್ನವೇ. ಮೊದಲನೆಯದರಲ್ಲಿ ಫೋಟೊ ತೆಗೆಯಬೇಕಾದವನು ಅಕ್ಕಿಕಾಳು ಹಾಕುತ್ತಿದ್ದೆನಲ್ಲ!

ಈಗ ಮದುವೆ ಗೊತ್ತಾದವರು ಸಲಹೆ ಕೇಳಿದರೆ ಇಷ್ಟೇ ಹೇಳುತ್ತೇನೆ: ಮುಹೂರ್ತ ಐನೋರನ್ನು ಕೇಳಿ ಇಡಿ, ಟೈಮು ಸೋದರತ್ತೆಯನ್ನು ಕೇಳಿ.