ಹೆಬ್ಬೆರಳಗಲದ ಜಾಗ

ಜಮಖಂಡಿ ಅರಮನೆಯ ಮೋಟಾರುಗಳ ದೀಪ ರಿಪೇರಿ ಮಾಡುತ್ತಿದ್ದ ಪಾಯಪ್ಪ ಕೆಟ್ಟ ತಂತಿಯನ್ನೂ ಬಯ್ಯದ ಮನುಷ್ಯ. ಖಂಡೇನವಮಿಯ ಆಯುಧಪೂಜೆ ಕಳೆದು ವಾರವಾಗಿತ್ತು. ಮೋಟಾರಿನ ಹಿಂದೆ ಕಟ್ಟಿ ಎಳೆಯುವ ಹಳೆಯ ಬಿಡಾರದ ಗಾಡಿಯಲ್ಲಿ ದೀಪ ಹೊತ್ತಲಿಲ್ಲ. ಸಂಜೆ ಅದು ಅರಮನೆಯವರನ್ನು ಹೊತ್ತು ತುಬಚಿಯ ಹೊಳೆದಂಡೆಗೆ ಹೊರಡಬೇಕು. ಇಲ್ಲವಾದರೆ ಚಾಲಕ ಗುರಪ್ಪನ ಕೆಲಸ ಹೋಗುತ್ತಿತ್ತು.

“ಬ್ಯಾಟರಿ ಸತ್ತೈತೇನ್ರಿ, ಪಾಯಪ್ಪಣ್ಣಾ?” ಎಂದ ಗುರಪ್ಪ.

“ಅದು ನಿನಗಿಂತ ಗಟ್ಟಿ ಐತಿ, ಸುಮ್ಮನಿರ್ಲೇ.”

ಪಾಯಪ್ಪ ತಂತಿಯ ಜಾಡು ಹಿಡಿದು ಗಾಡಿಯಡಿ ತೂರಿದ. ದೀಪಕ್ಕೆ ಹೋದ ಕರೆಂಟು ಗಾಡಿಯ ಕಬ್ಬಿಣದ ಮೂಲಕವೇ ಬ್ಯಾಟರಿಗೆ ಮರಳಬೇಕು. ತಂತಿ ಕಬ್ಬಿಣಕ್ಕೆ ಸೇರುವಲ್ಲಿ ಕೆಂಪು ಬಣ್ಣ ಮಿರುಗುತ್ತಿತ್ತು. ನವಮಿಯ ಪೂಜೆಗೆಂದು ಗುರಪ್ಪನ ತಾಯಿ ಸಾತವ್ವ ಅಗಸೆ ಎಣ್ಣೆಯಲ್ಲಿ ಕಾವಿ ಕಲಸಿ ಗಾಡಿಗೆಲ್ಲ ಬಳಿದಿದ್ದಳು. ಬಿಚ್ಚಿಟ್ಟಿದ್ದ ತಂತಿಯನ್ನು ಮಗ ಆ ಬಣ್ಣದ ಮೇಲೆಯೇ ಬಿಗಿದಿದ್ದ; ಬಣ್ಣ ಕರೆಂಟನ್ನು ತಡೆದಿತ್ತು.

“ನನ್ನ ಕೈಲಿಂದನ ಮಗನ ಅನ್ನ ಹೋತೇನೋ, ಯಪ್ಪಾ?” ಪಾಯಪ್ಪ ಅದನ್ನು ತೋರಿಸಿದಾಗ ಗಾಡಿಯ ಪಕ್ಕದಲ್ಲಿದ್ದ ಸಾತವ್ವ ಬಗ್ಗಿ ನೋಡಿ ಕೇಳಿದಳು.

“ಪೂಜಿ ಛಲೋ ಆಗೇತಿ, ಯವ್ವಾ. ಹೆಬ್ಬೆರಳಷ್ಟ ಜಾಸ್ತಿ ಆಗೇತಿ, ಅಷ್ಟ.”

ಅವನು ಚಾಕುವಿನಿಂದ ಅಷ್ಟೇ ಜಾಗ ಕೆರೆದು ತಂತಿ ಬಿಗಿದ. ದೀಪ ಹೊತ್ತಿತು.

ಮುಂದಿನ ನವಮಿಗೆ ಕಾವಿ ಕಲಸಿದ ಸಾತವ್ವ ಮೊದಲು ಪಾಯಪ್ಪನನ್ನು ಕರೆಸಿದಳು. ಅವನ ಹೆಬ್ಬೆರಳನ್ನು ತಂತಿ ಬಿಗಿಯುವ ಆ ಜಾಗದ ಮೇಲೆ ಇಡಿಸಿ, ಸುತ್ತಲೂ ಮೆಲ್ಲಗೆ ಬಣ್ಣ ಬಳಿದಳು.