ಪೈಪಿಗೆ ಅನುಮತಿ ಕೊಡುವವರು

ಉತ್ತರದ ಹಿಮದ ಸೀಮೆಯಿಂದ ಬರುವ ಗ್ಯಾಸ್ ಪೈಪಿಗೆ ಅನುಮತಿ ಕೊಡುತ್ತಿದ್ದವರು ನಮ್ಮ ಯಜಮಾನರು. ಸುಲಭಕ್ಕೆ ಕೊಡುವ ಆಸಾಮಿಯಲ್ಲ. ಕಂಪನಿಯವರು ನಕ್ಷೆ ಹಾಸಿದರೆ ಬೂಟು ಹಾಕಿಕೊಂಡು ಹೊರಟೇಬಿಡುವರು. ಜಿಂಕೆ ದಾಟುವ ಕಡೆ ನಿಂತು, "ಇನ್ನೂ ಆಳ ತೋಡ್ರಪ್ಪ" ಎನ್ನುವರು. "ಮದುವೆಗೆ ಮುಂಚೆ ನನ್ನನ್ನೂ ಹೀಗೇ ಪರಿಶೀಲಿಸಿದ್ರಾ?" ಎಂದು ನಾನು ಕೇಳಿದರೆ, "ಅದೊಂದರಲ್ಲಿ ಅವಸರ ಮಾಡ್ಬಿಟ್ಟೆ ಕಣೇ" ಎಂದು ನಗುವರು. ಶಾಲೆಯ ಪಕ್ಕ ಬೇಡವೆಂದು ಪೈಪಿನ ದಾರಿ ತಿರುಗಿಸಿದಾಗ ಅದು ನಮ್ಮ ಹಿತ್ತಲಿಗೇ ಬಂತು. "ರೀ, ತಲೆ ಕೆಟ್ಟಿದೆಯಾ?" ಎಂದೆ. "ಊರವರ ಹಿತ್ತಲಿಗೆ ಸಹಿ ಹಾಕಿ ನಮ್ಮದಕ್ಕೆ ಬೇಡ ಅನ್ಲಾ?" ಎಂದವರೇ ಸಹಿ ಹಾಕಿದರು. ಅವರು ತೀರಿಕೊಂಡ ಮೇಲೆ ನೆನಪಿಗೊಂದು ಗಿಡ ನೆಡಲು ಹಿತ್ತಲಿಗೆ ಹೋದೆ. ಇರುವ ಅಷ್ಟೂ ಜಾಗದ ಕೆಳಗೆ ಪೈಪಿದೆ. ಅದರ ಮೇಲೆ ಗಿಡ ನೆಡಬಾರದೆಂದು ಷರತ್ತು ಹಾಕಿದವರೂ ಅವರೇ. ಸಸಿಯನ್ನು ಪಕ್ಕದ ಮನೆಗೆ ಕೊಟ್ಟುಬಂದೆ. ಜಗಳವಾಡೋಣವೆಂದರೆ ಆ ಮನುಷ್ಯ ಇಲ್ಲ.