ಒಬ್ಬಳೇ ಇಳಿದ ದಿನ

ನರ್ಸಿಂಗ್ ಓದಲು ಹೈದರಾಬಾದಿಗೆ ಹೊರಟಾಗ ಶಹಾಬಾದದಿಂದ ವಾಡಿಯವರೆಗೆ ನನ್ನ ಜೊತೆ ಬಂದವಳು ಅತ್ತೆ, ಅಪ್ಪನ ಅಕ್ಕ. ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದ ಆಕೆ ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದಳು. ವಾಡಿಯಲ್ಲಿ ಗಾಡಿ ಬದಲಿಸಬೇಕು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು, ರೊಟ್ಟಿಗೆ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಹಚ್ಚಿ ಕೊಡುತ್ತಾ ಆಕೆ ಪಾಠ ಶುರುಮಾಡಿದಳು.

"ಒಬ್ಬಾಕಿನೇ ಬಂದೀನಿ ಅಂತ ಯಾರಿಗೂ ಹೇಳಬ್ಯಾಡ. ಅಣ್ಣ ಹೊರಗ ನಿಂತಾನ ಅನ್ನು. ಕರಿಲಾಕ ಬಂದವನೇ ತನ್ನ ಕಳಿಸಿದವರ ಹೆಸರು ಹೇಳಬೇಕು. ನೀ ಮೊದಲ ಬಾಯಿ ಬಿಡಬ್ಯಾಡ."

"ಆತು ಅತ್ತಿ, ಎಷ್ಟ್ ಸಲ ಹೇಳ್ತಿ?"

"ಗಾಡಿ ಬರೋತನಕ ಹೇಳ್ತೀನಿ."

ಪ್ರತಿ ರಜೆ ಮುಗಿದಾಗಲೂ ಅದೇ ಬೆಂಚು, ಅದೇ ಮಾತು. ಆಗ ಬೇಸರವಾಗುತ್ತಿತ್ತು. ಈಗ ಆ ದನಿ ಕೇಳಬೇಕು ಎನಿಸಿದರೆ ಅತ್ತೆ ಇಲ್ಲ.

ಓದು ಮುಗಿಸಿ ಕೆಲವು ವರ್ಷಗಳ ಮೇಲೆ ಕೊಲ್ಲಿ ದೇಶದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ವಿಮಾನ ಇಳಿದಾಗ ಅಲ್ಲಿ ನಡು ಮಧ್ಯಾಹ್ನ. ಆಸ್ಪತ್ರೆಯ ಡ್ರೈವರ್ ಹೆಸರಿನ ಫಲಕ ಹಿಡಿದು ನಿಂತಿರುತ್ತಾನೆ ಎಂದಿದ್ದರು. ಅಷ್ಟು ಫಲಕಗಳಲ್ಲಿ ನನ್ನ ಹೆಸರಿರಲಿಲ್ಲ. ಊರಿನ ಸಿಮ್ ಕೆಲಸ ಮಾಡಲಿಲ್ಲ. ವೈಫೈ ಹಚ್ಚಲು ಹೋದರೆ ಅದು ಅದೇ ಸಿಮ್ಮಿಗೆ ಓಟಿಪಿ ಕಳಿಸುತ್ತೇನೆ ಎಂದಿತು.

ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯ ಹತ್ತಿರ ಬಂದು, ಹಿಂದಿಯಲ್ಲಿ ನನ್ನ ಹೆಸರು ಹಿಡಿದು ಕರೆದ. "ಆಸ್ಪತ್ರೆಯ ಸಿಸ್ಟರ್ ಅಲ್ಲವೇ? ಬನ್ನಿ, ಗಾಡಿ ಹೊರಗಿದೆ."

ಪರದೇಶದಲ್ಲಿ ತನ್ನ ಹೆಸರು ಕೇಳಿದರೆ ಎಷ್ಟು ಸಮಾಧಾನವಾಗುತ್ತದೆ ಎಂಬುದು ಒಂಟಿಯಾಗಿ ನಿಂತವರಿಗೇ ಗೊತ್ತು. ಎದೆ ಹಗುರಾಗಿ ಅವನ ಹಿಂದೆ ನಡೆದೇಬಿಟ್ಟಿದ್ದೆ. ಅಷ್ಟರಲ್ಲಿ ಅವನ ಕಣ್ಣು ನನ್ನ ಬ್ಯಾಗಿನ ಚೀಟಿಯ ಮೇಲೆ ಹೋಯಿತು. ನನ್ನ ಹೆಸರು, ಅದರ ಕೆಳಗೆ ಸ್ಟಾಫ್ ನರ್ಸ್ ಎಂಬುದು ದಪ್ಪ ಅಕ್ಷರಗಳಲ್ಲಿ ಅಲ್ಲೇ ಇದ್ದವು.

"ಯಾವ ಆಸ್ಪತ್ರೆ?" ಎಂದು ಕೇಳಿದೆ.

"ದೊಡ್ಡ ಆಸ್ಪತ್ರೆ, ಮೇಡಂ. ಬೇಗ ಬನ್ನಿ," ಎನ್ನುತ್ತಾ ಟ್ರಾಲಿಗೆ ಕೈ ಹಾಕಿದ.

ನನ್ನ ಹಿಂದಿ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು ಶಹಾಬಾದದ ಕನ್ನಡ. "ಟ್ರಾಲಿ ಬಿಡ್ರಿ. ನಮ್ಮಣ್ಣ ಇಲ್ಲೇ ಅದಾನ."

ನನಗೆ ಅಣ್ಣನೇ ಇಲ್ಲ. ಆದರೆ ದನಿ ಏರಿತ್ತು, ಸುತ್ತಲಿನ ನಾಲ್ಕು ಜನ ತಿರುಗಿ ನೋಡಿದರು. ಅವನು ನಗುತ್ತಲೇ ಕೈ ತೆಗೆದು ಗುಂಪಿನಲ್ಲಿ ಸರಿದುಹೋದ. ವಿಚಾರಣೆಯ ಕೌಂಟರಿಗೆ ಹೋಗಿ, ಅಲ್ಲಿದ್ದ ಹೆಣ್ಣುಮಗಳಿಗೆ ಆಫರ್ ಪತ್ರದಲ್ಲಿದ್ದ ನಂಬರ್ ತೋರಿಸಿದೆ. ಆಕೆ ಫೋನ್ ಮಾಡಿ, ಡ್ರೈವರ್ ದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿದ್ದಾನೆ ಎಂದು ತಿಳಿಸಿ, ತನ್ನ ಪಕ್ಕದ ಕುರ್ಚಿಯಲ್ಲೇ ನನ್ನನ್ನು ಕೂರಿಸಿಕೊಂಡಳು.

ಡ್ರೈವರ್ ಬಂದಾಗ ನಾನು ಏಳಲಿಲ್ಲ. ಯಾರು ಕಳಿಸಿದರು ಎಂದು ಕೇಳಿದೆ. ಅವನು ಬೇಸರ ಮಾಡಿಕೊಳ್ಳದೆ ಆಫರ್ ಪತ್ರಕ್ಕೆ ಸಹಿ ಮಾಡಿದ್ದ ಮೇಟ್ರನ್ ಹೆಸರು ಹೇಳಿ, ಫೋನ್ ಹಚ್ಚಿ ನನ್ನ ಕೈಗೇ ಕೊಟ್ಟ.

ಮೊದಲ ರಜೆಗೆ ಊರಿಗೆ ಬಂದಾಗ ಇದನ್ನೆಲ್ಲ ಅತ್ತೆಗೆ ಹೇಳಿದೆ. ಆಕೆ ಶಾಬಾಸ್ ಅನ್ನುತ್ತಾಳೆ ಎಂದುಕೊಂಡಿದ್ದೆ.

"ನೀ ಅವನ ಹಿಂದ ಹೋಗಲಿಲ್ಲ, ನಾ ಹೋಗಿದ್ದೆ ಯವ್ವಾ," ಅಂದಳು. "ಸೇಡಂ ಸಾಲಿಗೆ ಹೊಸದಾಗಿ ನೌಕರಿ ಹತ್ತಿತ್ತು. ವಾಡಿಯಾಗ ಒಬ್ಬಾಂವ, ಹೆಡ್ ಮಾಸ್ತರು ಕಳಿಸ್ಯಾರ ಬರ್ರಿ ಅಂದ. ಟ್ರಂಕ್ ಅವನ ಕೈಯಾಗ ಕೊಟ್ಟು ಹಿಂದ ಹೊಂಟೆ. ಪೇರಲಹಣ್ಣು ಮಾರಾಕಿ ಒಬ್ಬಾಕಿ ನನ್ನ ರಟ್ಟಿ ಹಿಡಿದು, 'ಇಂವ ಯಾರ ನಿನಗ?' ಅಂತ ಜೋರಾಗಿ ಕೇಳಿದಳು. ಅಂವ ಟ್ರಂಕ್ ಒಗದು ಓಡಿದ."

"ಮನ್ಯಾಗ ಯಾರಿಗೂ ಹೇಳಲಿಲ್ಲೇನು?"

"ಹೇಳಿದ್ರ ನೌಕರಿ ಬಿಡಸ್ತಿದ್ರು."

ನಾನು ತಂದ ಖರ್ಜೂರದ ಡಬ್ಬಿ ನಮ್ಮ ನಡುವೆ ಇತ್ತು. ಅತ್ತೆ ಒಂದೊಂದೇ ಹಣ್ಣು ಬಿಡಿಸಿ, ಬೀಜ ತೆಗೆದು ನನ್ನ ಅಂಗೈಯಲ್ಲಿ ಇಡುತ್ತಾ ಹೋದಳು, ನಾನು ಇನ್ನೂ ಚಿಕ್ಕವಳು ಎನ್ನುವಂತೆ.